ಗಿಟಾರಿನ ತಂತಿ ಮತ್ತು ಅದರ ಗಣಿತಪ್ರತಿರೂಪ: ಸಂಶ್ಲೇಷಕ ಪೆಡಲಿನ ತತ್ತ್ವ ಹಾಗೂ ಪ್ರಯೋಗ

ತಂತೀವಾದ್ಯದ ನಾದಗುಣವು ಅದರ ಮರ, ತಂತಿ, ಕುದುರೆ, ಒಡಲು ಇವುಗಳ ರಚನೆಯನ್ನು ಅವಲಂಬಿಸಿದೆ ಎಂಬುದು ವಾದ್ಯ ತಯಾರಿಸುವವರೂ ಭೌತವಿಜ್ಞಾನಿಗಳೂ ಸಮಾನವಾಗಿ ಒಪ್ಪುವ ಮಾತು. ವೀಣೆಯನ್ನು ಎಷ್ಟೇ ನೈಪುಣ್ಯದಿಂದ ನುಡಿಸಿದರೂ ಅದರಿಂದ ಸಿತಾರಿನ ದನಿ ಹೊರಡಲಾರದು. ಆದರೆ ವಿದ್ಯುತ್ ಗಿಟಾರಿನ ವಿಷಯದಲ್ಲಿ ಈ ಮಾತು ಈಗ ಪೂರ್ಣವಾಗಿ ಸಲ್ಲುವುದಿಲ್ಲ. ವಾದಕನ ಪಾದದ ಬಳಿ ನೆಲದ ಮೇಲಿರುವ, ಕಾಲಿನಿಂದ ಒತ್ತುವ ಗುಂಡಿಗಳುಳ್ಳ ಒಂದು ಪೆಟ್ಟಿಗೆಯು ಅದೇ ಗಿಟಾರಿನಿಂದ ಮತ್ತೊಂದು ಗಿಟಾರಿನ, ಬ್ಯಾಂಜೋವಿನ, ಸಿತಾರಿನ, ಅಥವಾ ಯಾವ ತಂತಿಯೂ ಕೊಡಲಾರದ ಒಂದು ನಾದವನ್ನು ಹೊರಡಿಸುತ್ತದೆ. ಇದನ್ನು ಸಾಮಾನ್ಯವಾಗಿ ಪೆಡಲು ಎಂದು ಕರೆಯುತ್ತಾರೆ.

ಈ ಪೆಟ್ಟಿಗೆಯೊಳಗೆ ಪರಸ್ಪರ ಭಿನ್ನವಾದ ಎರಡು ಕಾರ್ಯಗಳು ನಡೆಯುತ್ತವೆ. ಒಂದು ಪ್ರತಿರೂಪಣ, ಮತ್ತೊಂದು ಸಂಶ್ಲೇಷಣ. ಬಳಸುವವರು ಇವೆರಡನ್ನೂ ಒಂದೆಂದೇ ಭಾವಿಸುವುದುಂಟು. ಈ ಭೇದವನ್ನು ಸ್ಪಷ್ಟಪಡಿಸುವುದು, ಅದರ ಆಧಾರದ ಮೇಲೆ ಪೆಡಲನ್ನು ಬಳಸುವ ಕ್ರಮವನ್ನು ನಿರೂಪಿಸುವುದು, ಮತ್ತು ವಾದಕನ ಬೆರಳಿನ ಕೆಲಸದಲ್ಲಿ, ವಿಶೇಷವಾಗಿ ಗಮಕದಲ್ಲಿ, ಎಷ್ಟು ಭಾಗ ಉಳಿಯುತ್ತದೆ, ಎಷ್ಟು ಭಾಗ ಕಳೆದುಹೋಗುತ್ತದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ತಂತಿ ಮತ್ತು ಪಿಕಪ್ಪು

ಎರಡು ತುದಿಗಳಲ್ಲಿ ಬಿಗಿದ ತಂತಿಯನ್ನು ಮೀಟಿದಾಗ ಅದು ಒಂದೇ ಕಂಪನಾಂಕದಿಂದ ಕಂಪಿಸುವುದಿಲ್ಲ. ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಉಪಸ್ವರಗಳೂ ಏಕಕಾಲದಲ್ಲಿ ಹೊರಡುತ್ತವೆ. ಪ್ರತಿಯೊಂದು ಉಪಸ್ವರಕ್ಕೂ ತಂತಿಯ ಮೇಲೆ ಚಲನೆಯೇ ಇಲ್ಲದ ಕೆಲವು ಬಿಂದುಗಳಿವೆ, ಇವನ್ನು ನಿಸ್ಪಂದಗಳೆನ್ನುತ್ತಾರೆ. ಮೀಟಿದ ಸ್ಥಳದಲ್ಲಿ ಯಾವ ಉಪಸ್ವರದ ನಿಸ್ಪಂದವಿದೆಯೋ ಆ ಉಪಸ್ವರವು ಹುಟ್ಟುವುದಿಲ್ಲವೆಂಬುದು ಥಾಮಸ್ ಯಂಗನ ಹೆಸರಿನಿಂದ ಪ್ರಸಿದ್ಧವಾದ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಲುಪ್ತವಾಗುತ್ತವೆ.

ವಿದ್ಯುತ್ ಗಿಟಾರಿನ ಪಿಕಪ್ಪು ಅಯಸ್ಕಾಂತಗಳಿಗೆ ಸುತ್ತಿದ ತಂತಿಸುರುಳಿ. ಉಕ್ಕಿನ ತಂತಿ ಅದರ ಸಮೀಪದಲ್ಲಿ ಚಲಿಸಿದಾಗ, ೧೮೩೧ರಲ್ಲಿ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಪ್ರೇರಣೆಯ ತತ್ತ್ವದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ಪು ತನ್ನ ನೇರಕ್ಕಿರುವ ಬಿಂದುವಿನ ಚಲನೆಯನ್ನು ಮಾತ್ರ ಗ್ರಹಿಸಬಲ್ಲದು. ಆದುದರಿಂದ ಕುದುರೆಯಿಂದ ತಂತಿಯ ಕಾಲುಭಾಗದಷ್ಟು ದೂರದಲ್ಲಿರುವ ಪಿಕಪ್ಪಿಗೆ ಬಿಟ್ಟ ತಂತಿಯ ನಾಲ್ಕನೆಯ, ಎಂಟನೆಯ, ಹನ್ನೆರಡನೆಯ ಉಪಸ್ವರಗಳು ಕೇಳಿಸುವುದಿಲ್ಲ. ಒಂದೇ ಗಿಟಾರಿನಲ್ಲಿ ಎರಡು ಪಿಕಪ್ಪುಗಳ ದನಿ ಬೇರೆಬೇರೆಯಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಸಾಮಾನ್ಯ ಪಿಕಪ್ಪಿನಲ್ಲಿ ಆರು ತಂತಿಗಳ ಸಂಕೇತಗಳೂ ಬೆರೆತುಹೋಗುತ್ತವೆ. ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸುವುದು ಕಷ್ಟಸಾಧ್ಯ. ಇದರ ಪರಿಹಾರಕ್ಕಾಗಿ ಪ್ರತಿ ತಂತಿಗೂ ಒಂದೊಂದು ಗ್ರಾಹಕವುಳ್ಳ ತೆಳುವಾದ ಷಡ್ಭಾಗ ಪಿಕಪ್ಪನ್ನು ಕುದುರೆಯ ಪಕ್ಕದಲ್ಲಿಯೇ ಕೂರಿಸುತ್ತಾರೆ. ೬೪೮ ಮಿಲಿಮೀಟರ್ ಉದ್ದದ ತಂತಿಯಲ್ಲಿ ಕುದುರೆಯಿಂದ ೧೬ ಮಿಲಿಮೀಟರ್ ದೂರದಲ್ಲಿ ಈ ಪಿಕಪ್ಪು ಇದೆಯೆಂದು ಭಾವಿಸೋಣ. ಆಗ ಅದಕ್ಕೆ ಕಾಣದಿರುವ ಮೊದಲನೆಯ ಉಪಸ್ವರವು ನಲವತ್ತನೆಯದರ ಆಸುಪಾಸಿನಲ್ಲಿ ಬೀಳುತ್ತದೆ. ಎಂದರೆ ಕಿವಿಗೆ ಮುಖ್ಯವಾದ ಉಪಸ್ವರಗಳೆಲ್ಲವೂ ಅಲ್ಲಿ ದೊರೆಯುತ್ತವೆ. ಇರುವುದನ್ನು ಗಣಿತದಿಂದ ತೆಗೆದುಹಾಕಬಹುದು. ಇಲ್ಲದಿರುವುದನ್ನು ತುಂಬಿಕೊಡುವುದು ಸುಲಭವಲ್ಲ. ಪಿಕಪ್ಪನ್ನು ಕುದುರೆಗೆ ಆದಷ್ಟು ಸಮೀಪದಲ್ಲಿ ಇಡಬೇಕೆಂಬ ಸೂಚನೆಯ ಹಿಂದಿರುವ ಯುಕ್ತಿ ಇದು.

೨. ಪ್ರತಿರೂಪಣ

ಜಪಾನಿನ ಒಸಾಕಾದಲ್ಲಿ ೧೯೭೨ರಲ್ಲಿ ಇಕುತಾರೊ ಕಾಕೆಹಾಶಿಯವರು ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆಯು ೧೯೯೫ರಲ್ಲಿ ವಿ‌ಜಿ-೮ ಎಂಬ ಉಪಕರಣವನ್ನು ಹೊರತಂದಿತು. ತಂತಿಯ ಸಂಕೇತವನ್ನೇ ಸಂಸ್ಕರಿಸಿ ಬೇರೊಂದು ಗಿಟಾರಿನ ದನಿಯನ್ನಾಗಿ ಮಾರ್ಪಡಿಸುವ ವಿಧಾನವು ಅದರಿಂದ ಪ್ರಚಾರಕ್ಕೆ ಬಂದಿತು.

ಇದರ ಮೂಲತತ್ತ್ವವನ್ನು ಹೀಗೆ ವಿವರಿಸಬಹುದು. ತಂತಿಯ ಮೇಲಿನ ಅಲೆಯು ಒಂದು ಬಿಂದುವನ್ನು ದಾಟಿ ಕುದುರೆಗೆ ಹೋಗಿ, ಅಲ್ಲಿ ತಲೆಕೆಳಗಾಗಿ ಪ್ರತಿಫಲಿಸಿ, ಮತ್ತೆ ಅದೇ ಬಿಂದುವಿಗೆ ಬರುತ್ತದೆ. ಆ ಬಿಂದುವಿನ ಚಲನೆಯು ಹೋಗುವ ಅಲೆ ಮತ್ತು ತಡವಾಗಿ ಹಿಂದಿರುಗುವ ಅಲೆ ಇವೆರಡರ ಮೊತ್ತ. ತಡವಾಗುವ ಕಾಲವು ಕುದುರೆಯಿಂದಿರುವ ದೂರ ಮತ್ತು ಅಲೆಯ ವೇಗ ಇವೆರಡನ್ನು ಮಾತ್ರ ಅವಲಂಬಿಸಿದೆ. ಗಿಟಾರಿನ ಅತ್ಯಂತ ಮಂದ್ರವಾದ ತಂತಿಯ ಕಂಪನಾಂಕ ಸೆಕೆಂಡಿಗೆ ೮೨.೪. ಅದರ ಕಾಲುಭಾಗದ ಬಿಂದುವಿಗೆ ಲೆಕ್ಕ ಮಾಡಿದರೆ ಈ ಕಾಲವು ಸುಮಾರು ೩ ಮಿಲಿಸೆಕೆಂಡು ಆಗುತ್ತದೆ. ಸಂಕೇತವನ್ನು ಅಷ್ಟು ಕಾಲ ತಡೆದು, ತಲೆಕೆಳಗು ಮಾಡಿ, ಮೂಲಕ್ಕೆ ಕೂಡಿಸಿದರೆ ೩೨೯.೬ ಕಂಪನಾಂಕವೂ ಅದರ ಗುಣಕಗಳೂ ಅಳಿಸಿಹೋಗುತ್ತವೆ. ಬಿಟ್ಟ ತಂತಿಗೆ ಇದು ನಾಲ್ಕನೆಯ ಉಪಸ್ವರ. ಹನ್ನೆರಡನೆಯ ಮೆಟ್ಟಿಲನ್ನು ಒತ್ತಿದಾಗ ಮೂಲಸ್ವರವೇ ೧೬೪.೮ ಆಗುವುದರಿಂದ ಅದೇ ೩೨೯.೬ ಎರಡನೆಯ ಉಪಸ್ವರವಾಗುತ್ತದೆ. ಪಿಕಪ್ಪು ಈಗ ಕಂಪಿಸುವ ಭಾಗದ ನಟ್ಟನಡುವೆ ಇರುವುದರಿಂದ ನಿಜವಾದ ಗಿಟಾರಿನಲ್ಲಿಯೂ ಹೀಗೆಯೇ ಆಗಬೇಕು.

ಇದರಿಂದ ಒಂದು ಮಹತ್ತ್ವದ ಸಂಗತಿ ಸಿದ್ಧವಾಗುತ್ತದೆ. ಈ ಲೆಕ್ಕಕ್ಕೆ ವಾದಕನು ಯಾವ ಸ್ವರವನ್ನು ನುಡಿಸುತ್ತಿದ್ದಾನೆಂಬುದು ತಿಳಿಯಬೇಕಾದ ಅಗತ್ಯವಿಲ್ಲ. ಪ್ರತಿ ತಂತಿಗೂ ನಿಯತವಾದ ಒಂದು ತಡೆಗಾಲ ಸಾಕು. ಮೀಟಿನ ಗಡಸುತನ, ಉಗುರಿಗೂ ಬೆರಳಿಗೂ ಇರುವ ವ್ಯತ್ಯಾಸ, ತಂತಿಯನ್ನು ಎಳೆದು ಸ್ವರವನ್ನು ತೂಗಿಸುವ ಗಮಕ ಇವೆಲ್ಲವೂ ಮೂಲ ಸಂಕೇತದಲ್ಲಿ ಹೇಗಿದ್ದವೋ ಹಾಗೆಯೇ ಫಲಿತದಲ್ಲಿಯೂ ಬರುತ್ತವೆ. ಒಡಲಿನ ಅನುರಣನವನ್ನೂ ವರ್ಧಕದ ದನಿಯನ್ನೂ ಇದರ ಮೇಲೆ ಬೇರೆ ಬೇರೆ ಶೋಧಕಗಳ ಮೂಲಕ ಸೇರಿಸಲಾಗುತ್ತದೆ. ತಂತಿಗಳು ಪ್ರತ್ಯೇಕವಾಗಿರುವುದರಿಂದ ಬಿರಟೆಯನ್ನು ಮುಟ್ಟದೆ ಒಂದೊಂದು ತಂತಿಯ ಶ್ರುತಿಯನ್ನೂ ಗಣಿತದಿಂದಲೇ ಏರಿಸಬಹುದು, ಇಳಿಸಬಹುದು.

೩. ಸಂಶ್ಲೇಷಣ

ಸಂಶ್ಲೇಷಣದಲ್ಲಿ ಕೇಳುವ ನಾದವು ತಂತಿಯದಲ್ಲ. ಪೆಡಲಿನೊಳಗಣ ಆಂದೋಲಕವು ಹೊಸದಾಗಿ ಉತ್ಪಾದಿಸಿದ್ದು. ತಂತಿಯಿಂದ ಬರುವುದು ಆಜ್ಞೆ ಮಾತ್ರ. ರೋಲ್ಯಾಂಡ್ ಸಂಸ್ಥೆಯ ಮೊದಲನೆಯ ಗಿಟಾರ್ ಸಂಶ್ಲೇಷಕವಾದ ಜಿಆರ್-೫೦೦ ಹೊರಬಂದದ್ದು ೧೯೭೭ರಲ್ಲಿ. ಅನಂತರ ೧೯೮೦ರಲ್ಲಿ ಬಂದ ಜಿಆರ್-೩೦೦ ಅಮೆರಿಕದ ವಾದಕ ಪ್ಯಾಟ್ ಮೆಥೆನಿಯವರ ಕೈಯಲ್ಲಿ ಪ್ರಸಿದ್ಧಿಗೆ ಬಂದಿತು. ಇದರಲ್ಲಿ ಪ್ರತಿ ತಂತಿಗೂ ಪ್ರತ್ಯೇಕ ಆಂದೋಲನವ್ಯವಸ್ಥೆಯಿದ್ದು, ಅದು ತಂತಿಯ ಕಂಪನವನ್ನು ನೆರಳಿನಂತೆ ಅನುಸರಿಸುತ್ತದೆ.

೧೯೮೩ರಲ್ಲಿ ಮಿಡಿ ಎಂಬ ಸಂಕೇತಪದ್ಧತಿ ಬಳಕೆಗೆ ಬಂದಿತು. ಇದರಲ್ಲಿ ಸ್ವರಗಳಿಗೆ ೦ ಯಿಂದ ೧೨೭ರವರೆಗೆ ಅಂಕಿಗಳಿವೆ. ಅಕ್ಕಪಕ್ಕದ ಅಂಕಿಗಳ ಅಂತರ ಒಂದು ಸ್ವರಸ್ಥಾನ. ತಂತಿಯ ಸ್ವರವನ್ನು ಅಂಕಿಯನ್ನಾಗಿ ಮಾಡಬೇಕಾದರೆ ಮೊದಲು ಅದರ ಕಂಪನಾಂಕವನ್ನು ನಿರ್ಣಯಿಸಬೇಕು. ಸಾಮಾನ್ಯವಾಗಿ ಇದಕ್ಕೆ ಕನಿಷ್ಠಪಕ್ಷ ಒಂದು ಪೂರ್ಣ ಕಂಪನವಾದರೂ ಮುಗಿಯಬೇಕು. ಮಂದ್ರ ತಂತಿಯಲ್ಲಿ ಒಂದು ಕಂಪನಕ್ಕೆ ೧೨.೧ ಮಿಲಿಸೆಕೆಂಡು ಹಿಡಿಯುತ್ತದೆ, ೩೨೯.೬ ಕಂಪನಾಂಕದ ತಾರ ತಂತಿಯಲ್ಲಿ ೩ ಮಿಲಿಸೆಕೆಂಡು ಸಾಕು. ಮೀಟಿದ ಕ್ಷಣದಲ್ಲಿ ತಂತಿಯ ಚಲನೆ ಅನಿಯತವಾಗಿರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಗಾಳಿಯಲ್ಲಿ ಶಬ್ದವು ೧೨ ಮಿಲಿಸೆಕೆಂಡಿನಲ್ಲಿ ಸುಮಾರು ೪ ಮೀಟರ್ ಚಲಿಸುತ್ತದೆ. ವಾದಕನು ತನ್ನ ವಾದ್ಯದಿಂದ ಅಷ್ಟು ದೂರದಲ್ಲಿ ನಿಂತು ನುಡಿಸಿದಂತೆ ಆಗುತ್ತದೆಂದರೆ ಈ ವಿಳಂಬದ ಸ್ವರೂಪ ತಿಳಿಯುತ್ತದೆ.

ಗಮಕದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಗಮಕವು ಸ್ವರಸ್ಥಾನಗಳ ನಡುವಣ ನಿರಂತರ ಸಂಚಾರ. ಅಂಕಿಗಳ ಪದ್ಧತಿಯಲ್ಲಿ ಅದಕ್ಕೆ ಸಹಜವಾದ ಸ್ಥಾನವಿಲ್ಲ. ಸ್ವರವನ್ನು ಬಾಗಿಸುವ ಒಂದು ಪ್ರತ್ಯೇಕ ಸಂದೇಶದಿಂದ ಅದನ್ನು ಸೂಚಿಸಬೇಕು. ಈ ಸಂದೇಶದಲ್ಲಿ ೧೬,೩೮೪ ಹಂತಗಳಿರುವುದರಿಂದ ಸೂಕ್ಷ್ಮತೆಗೆ ಕೊರತೆಯಿಲ್ಲ. ತೊಡಕು ಬರುವುದು ವ್ಯಾಪ್ತಿಯಲ್ಲಿ. ಸಾಧಾರಣವಾಗಿ ಇದರ ವ್ಯಾಪ್ತಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನಗಳು. ತಂತಿಯನ್ನೆಳೆದು ಮೂರು ಸ್ವರಸ್ಥಾನ ಮೇಲೇರುವ ಪ್ರಯೋಗವು ಈ ಎಲ್ಲೆಯನ್ನು ಮೀರುತ್ತದೆ. ಇದಲ್ಲದೆ ಬಾಗಿಸುವ ಸಂದೇಶವು ಒಂದು ಮಾರ್ಗದಲ್ಲಿರುವ ಎಲ್ಲ ಸ್ವರಗಳಿಗೂ ಸಮಾನವಾಗಿ ಅನ್ವಯಿಸುವುದರಿಂದ ಆರು ತಂತಿಗಳಿಗೆ ಆರು ಮಾರ್ಗಗಳನ್ನು ಕೊಡದಿದ್ದರೆ ಒಂದು ತಂತಿಯ ಗಮಕದೊಡನೆ ಉಳಿದವೂ ಓಲಾಡುತ್ತವೆ.

ಬಾಸ್ ಎಂಬ ಹೆಸರಿನಲ್ಲಿ ಇದೇ ಸಂಸ್ಥೆ ೨೦೧೫ರಲ್ಲಿ ತಂದ ಎಸ್‌ವೈ-೩೦೦ ವಿಶೇಷ ಪಿಕಪ್ಪಿಲ್ಲದೆ ಸಾಮಾನ್ಯ ಗಿಟಾರಿನಿಂದಲೇ ಸಂಶ್ಲೇಷಣವನ್ನು ಸಾಧಿಸಿತು. ೨೦೨೦ರಲ್ಲಿ ಬಂದ ಎಸ್‌ವೈ-೧೦೦೦ ಪ್ರತಿರೂಪಣ, ಸಂಶ್ಲೇಷಣ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ, ಮೂರು ವಾದ್ಯಗಳನ್ನು ಏಕಕಾಲದಲ್ಲಿ ನುಡಿಸಲು ಅವಕಾಶವಿತ್ತಿದೆ. ಜಿಆರ್-೩೦೦ರ ಪ್ರತಿರೂಪವೂ ಅದರಲ್ಲಿ ಸೇರಿದೆ.

೪. ಬಳಕೆಯ ಕ್ರಮ

ಮೇಲಿನ ತತ್ತ್ವಗಳಿಂದ ಬಳಕೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಗಿಟಾರಿನ ತಂತಿಗಳು ಉಕ್ಕಿನವಾಗಿರಬೇಕು. ನೈಲಾನ್ ತಂತಿಗೆ ಕಾಂತೀಯ ಪಿಕಪ್ಪು ಸಲ್ಲದು. ಅದಕ್ಕೆ ಕುದುರೆಯಲ್ಲಿ ಒತ್ತಡವನ್ನು ಗ್ರಹಿಸುವ ಬೇರೆ ಬಗೆಯ ಗ್ರಾಹಕ ಬೇಕು. ಕೊನೆಯ ಮೆಟ್ಟಿಲನ್ನು ಒತ್ತಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಸುಮಾರು ೧ ಮಿಲಿಮೀಟರ್ ಅಂತರವಿರುವಂತೆ ಎತ್ತರವನ್ನು ಹೊಂದಿಸಬೇಕು.

ಎರಡನೆಯದಾಗಿ, ತಂತಿಯ ಉದ್ದವನ್ನೂ ಕುದುರೆಯಿಂದ ಪಿಕಪ್ಪಿನ ದೂರವನ್ನೂ ಅಳೆದು ಪೆಡಲಿಗೆ ತಿಳಿಸಬೇಕು. ಈ ಅಳತೆಗಳನ್ನು ಅನೇಕರು ಉಪೇಕ್ಷಿಸುತ್ತಾರೆ. ತಡೆಗಾಲದ ಲೆಕ್ಕವು ಇವುಗಳ ಮೇಲೆಯೇ ನಿಂತಿರುವುದರಿಂದ ಇಲ್ಲಿನ ತಪ್ಪು ಪ್ರತಿಯೊಂದು ಪ್ರತಿರೂಪದ ದನಿಯನ್ನೂ ಕೆಡಿಸುತ್ತದೆ.

ಮೂರನೆಯದಾಗಿ, ಪ್ರತಿ ತಂತಿಯನ್ನೂ ತನ್ನ ಅತ್ಯಂತ ಗಡಸಾದ ಮೀಟಿನಿಂದ ನುಡಿಸಿ, ಮಾಪಕವು ತುತ್ತತುದಿಯನ್ನು ಮುಟ್ಟದಂತೆ ಗ್ರಹಣಶಕ್ತಿಯನ್ನು ಹೊಂದಿಸಬೇಕು. ಹೆಚ್ಚಾದರೆ ಪಕ್ಕದ ತಂತಿಯ ಕಂಪನವೂ ಸ್ವರವೆಂದು ಗಣಿತವಾಗಿ ಬೇಡದ ಸ್ವರಗಳು ಏಳುತ್ತವೆ. ಕಡಿಮೆಯಾದರೆ ಮೃದುವಾದ ಮೀಟು ಲೆಕ್ಕಕ್ಕೇ ಬರುವುದಿಲ್ಲ.

ನಾಲ್ಕನೆಯದಾಗಿ, ನಾದವನ್ನು ರಚಿಸುವಾಗ ಒಂದೊಂದೇ ಅಂಗವನ್ನು ಸೇರಿಸುತ್ತ ಹೋಗುವುದು ಒಳ್ಳೆಯದು. ಮೊದಲು ಪ್ರತಿರೂಪವೊಂದನ್ನು ಮಾತ್ರ ಕೇಳಬೇಕು. ಅನಂತರ ಒಂದು ಆಂದೋಲಕವನ್ನು ಸೇರಿಸಿ, ಅದರ ಶೋಧಕವನ್ನು ಹೊಂದಿಸಬೇಕು. ಪ್ರತಿಧ್ವನಿ, ಅನುರಣನ ಮುಂತಾದ ಅಲಂಕಾರಗಳು ಕೊನೆಗೆ ಬರಬೇಕು. ವಿಳಂಬವು ಬಾಧಿಸುವ ಕಡೆ ತಂತಿಯ ನಿಜವಾದ ದನಿಯನ್ನು ಸ್ವಲ್ಪ ಬೆರೆಸಿದರೆ ಮೀಟಿನ ಆರಂಭವು ಅದರಿಂದ ಸ್ಪಷ್ಟವಾಗುತ್ತದೆ; ಸಂಶ್ಲೇಷಿತ ನಾದವು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಅಂಕಿಗಳ ಮೂಲಕ ಬೇರೆ ಯಂತ್ರವನ್ನು ನುಡಿಸುವುದಾದರೆ ಬಾಗಿಸುವ ವ್ಯಾಪ್ತಿಯನ್ನು ಹನ್ನೆರಡು ಸ್ವರಸ್ಥಾನಗಳಿಗೆ ಹಿಗ್ಗಿಸಿ, ಕಳುಹಿಸುವ ಮತ್ತು ಗ್ರಹಿಸುವ ಎರಡು ಯಂತ್ರಗಳಲ್ಲಿಯೂ ಒಂದೇ ಸಂಖ್ಯೆಯನ್ನು ನಿಗದಿಪಡಿಸಬೇಕು. ಇವು ಬೇರೆಯಾದರೆ ಗಮಕವು ಅಪಸ್ವರವಾಗುತ್ತದೆ.

೫. ಕುದುರೆಯ ಸಮಸ್ಯೆ

ಪ್ರತಿರೂಪಣಕ್ಕೂ ಒಂದು ಎಲ್ಲೆಯಿದೆ. ಅದನ್ನು ತೋರಿಸಿಕೊಡುವುದು ನಮ್ಮ ದೇಶದ ವಾದ್ಯಗಳೇ. ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ೧೯೨೧ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ವೀಣೆ ಮತ್ತು ತಂಬೂರಿಗಳು ಯಂಗನ ನಿಯಮಕ್ಕೆ ಒಳಪಡುವುದಿಲ್ಲವೆಂದು ತೋರಿಸಿದರು. ನಿಸ್ಪಂದದಲ್ಲಿಯೇ ಮೀಟಿದರೂ ಹುಟ್ಟಬಾರದ ಉಪಸ್ವರವು ಈ ವಾದ್ಯಗಳಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ. ಕುದುರೆಯ ಮೇಲ್ಮೈ ಅಗಲವಾಗಿ ಬಾಗಿರುವುದರಿಂದ ಕಂಪಿಸುವ ತಂತಿಯು ಅದನ್ನು ಮುಟ್ಟುತ್ತ ಬಿಡುತ್ತ ಇರುವುದೇ ಇದಕ್ಕೆ ಕಾರಣ. ಸಿತಾರಿನ ಕುದುರೆಯೂ ಇದೇ ಜಾತಿಯದು.

ತಡೆದು ಕೂಡಿಸುವ ಲೆಕ್ಕವಾಗಲಿ ಶೋಧಕವಾಗಲಿ ಇರುವ ಉಪಸ್ವರಗಳನ್ನು ಹೆಚ್ಚಿಸಬಲ್ಲದು ಅಥವಾ ಕುಗ್ಗಿಸಬಲ್ಲದು. ಇಲ್ಲದ ಉಪಸ್ವರವನ್ನು ಹುಟ್ಟಿಸಲಾರದು. ಆದುದರಿಂದ ಗಿಟಾರಿನ ತಂತಿಯಿಂದ ಸಿತಾರಿನ ನಾದವನ್ನು ಪಡೆಯಬೇಕಾದರೆ, ಮುಟ್ಟಿ ಬಿಡುವ ಆ ಕ್ರಿಯೆಯನ್ನೇ ಯಾವುದಾದರೊಂದು ರೀತಿಯಲ್ಲಿ ಅನುಕರಿಸಬೇಕಾಗುತ್ತದೆ. ಎಸ್‌ವೈ-೧೦೦೦ದ ವಾದ್ಯಪಟ್ಟಿಯಲ್ಲಿ ಸಿತಾರೂ ಇದೆ. ಈ ಅನುಕರಣೆ ಎಷ್ಟರಮಟ್ಟಿನದೆಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಬಿಟ್ಟ ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿ, ಪಿಕಪ್ಪಿನ ಸಂಕೇತದ ಉಪಸ್ವರಗಳನ್ನು ಗಣಕಯಂತ್ರದಲ್ಲಿ ವಿಶ್ಲೇಷಿಸಬೇಕು. ಎರಡನೆಯ ಮತ್ತು ನಾಲ್ಕನೆಯ ಉಪಸ್ವರಗಳು ಅತ್ಯಂತ ದುರ್ಬಲವಾಗಿರಬೇಕು. ಅನಂತರ ಅದೇ ಮೀಟನ್ನು ಸಿತಾರಿನ ಪ್ರತಿರೂಪದ ಮೂಲಕ ಹಾಯಿಸಿ, ಹೊರಬಂದ ನಾದವನ್ನು ವಿಶ್ಲೇಷಿಸಬೇಕು. ಲುಪ್ತವಾಗಿದ್ದ ಉಪಸ್ವರಗಳು ಪ್ರಬಲವಾಗಿ ಕಾಣಿಸಿಕೊಂಡರೆ ಕುದುರೆಯ ಕ್ರಿಯೆಗೆ ಸದೃಶವಾದ ಏನೋ ಒಂದು ಪೆಡಲಿನಲ್ಲಿದೆಯೆಂದು ತಿಳಿಯಬಹುದು. ಕಾಣಿಸದಿದ್ದರೆ ಅದು ಸಿತಾರಿನ ಹೊರಬಣ್ಣ ಮಾತ್ರ.

ಗಮಕಪ್ರಧಾನವಾದ ಸಂಗೀತಕ್ಕೆ ಈ ಉಪಕರಣವನ್ನು ಬಳಸಬಯಸುವವರು ಮೊದಲು ಪ್ರತಿರೂಪಣವನ್ನು, ಎರಡನೆಯದಾಗಿ ತಂತಿಯನ್ನು ಅನುಸರಿಸುವ ಆಂದೋಲಕವನ್ನು, ಅನಿವಾರ್ಯವಾದಲ್ಲಿ ಮಾತ್ರ ಅಂಕಿಗಳ ಪದ್ಧತಿಯನ್ನು ಆರಿಸಿಕೊಳ್ಳುವುದು ಯುಕ್ತವೆಂದು ಮೇಲಿನ ವಿವೇಚನೆಯಿಂದ ಫಲಿಸುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳಿಗಂತೂ ಅಲೆ, ಪ್ರತಿಫಲನ, ನಿಸ್ಪಂದ ಎಂಬ ಪಠ್ಯದ ಮಾತುಗಳು ಕಿವಿಗೆ ಕೇಳುವಂತಾಗುವ ಒಂದು ಸಾಧನವಾಗಿ ಇದು ಪ್ರಯೋಗಶಾಲೆಯಲ್ಲಿ ಸ್ಥಾನ ಪಡೆಯಲು ಅರ್ಹವಾಗಿದೆ.