ಮೇದೋಜೀರಕದ ಗಡ್ಡೆಯೂ ಕಿರುಗಾಯದ ಶಸ್ತ್ರಕ್ರಿಯೆಯೂ

ಕಳೆದ ವರ್ಷ ನನ್ನ ತಂಗಿಯ ಯಜಮಾನರಿಗೆ ಮೇದೋಜೀರಕ ಗ್ರಂಥಿಯ ಬಾಲಭಾಗದಲ್ಲಿ ಗಡ್ಡೆಯೊಂದಿರುವುದು ತಿಳಿದುಬಂದಿತು. ಹೊಟ್ಟೆಯನ್ನು ಸೀಳದೆ, ನಾಲ್ಕೈದು ಸಣ್ಣ ರಂಧ್ರಗಳ ಮೂಲಕವೇ ಅದನ್ನು ತೆಗೆಯಬಹುದೆಂದು ಶಸ್ತ್ರವೈದ್ಯರು ತಿಳಿಸಿದರು. ತಂಗಿಯು ನನ್ನನ್ನು ಕೇಳಿದುದು ಒಂದೇ ಪ್ರಶ್ನೆ: “ಅಣ್ಣಾ, ಗಾಯವು ಕಿರಿದಾದರೆ ಅಪಾಯವೂ ಕಿರಿದೇ?” ವ್ಯಾಕರಣವನ್ನು ಬೋಧಿಸಿ ಕಾಲ ಕಳೆದ ನಾನು ಏನು ಹೇಳಲಿ? ವಿಚಾರಿಸತೊಡಗಿದೆನು.

ಈ ಗ್ರಂಥಿಯು ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವುದು. ಉದ್ದ ಸುಮಾರು 15 ಸೆಂಟಿಮೀಟರು. ಮೇದಸ್ಸನ್ನು ಜೀರ್ಣಿಸತಕ್ಕದ್ದೆಂಬ ನಮ್ಮ ಹೆಸರು ಅದರ ಅರ್ಧ ಕೆಲಸವನ್ನೂ ಹೇಳದು. ಗ್ರೀಕರಂತೂ ‘ಎಲ್ಲವೂ ಮಾಂಸ’ವೆಂದು ಕರೆದು ಸುಮ್ಮನಾದರು. ಇನ್ಸುಲಿನ್ ಹುಟ್ಟುವುದೂ ಇಲ್ಲಿಯೇ. ಇದರ ಶಿರೋಭಾಗವು ಸಣ್ಣ ಕರುಳಿನ ಮೊದಲ ಬಾಗಿನಲ್ಲಿ ಹುದುಗಿದ್ದು, ಪಿತ್ತನಾಳವು ಅದರೊಳಗೆ ಹಾದುಹೋಗುವುದು. ಆದುದರಿಂದಲೇ ಅಲ್ಲಿ ಗಡ್ಡೆ ಬೆಳೆದರೆ ನೋವಿಲ್ಲದೆಯೂ ಕಾಮಾಲೆ ತೋರಬಹುದು. ಬಾಲವು ಪ್ಲೀಹದತ್ತ ಚಾಚಿರುವುದು.

ಬಾಲವನ್ನು ತೆಗೆದರೆ ಮತ್ತೆ ಜೋಡಿಸತಕ್ಕುದು ಏನೂ ಇಲ್ಲ. ಶಿರಸ್ಸನ್ನು ತೆಗೆದರೆ ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯಬೇಕು. 1935ರಲ್ಲಿ ಅಮೆರಿಕದ ವಿಪ್ಪಲ್ ಎಂಬವರು ಪ್ರಕಟಿಸಿದ ಈ ಕ್ರಮಕ್ಕೆ ಅವರ ಹೆಸರೇ ನಿಂತಿದೆ. 1994ರಲ್ಲಿ ಕೆನಡಾದ ಗಾನ್ಯೇ ಮತ್ತು ಪಾಂಪ್ ಇದನ್ನೇ ರಂಧ್ರಗಳ ಮೂಲಕ ಮಾಡಿದುದನ್ನು ವರದಿಮಾಡಿದರು. ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ, ಕ್ಯಾಮೆರಾ ತೋರುವ ಚಿತ್ರವನ್ನು ನೋಡುತ್ತ, ನೀಳವಾದ ಉಪಕರಣಗಳಿಂದ ಹೊಲಿಯುವ ಕೆಲಸವದು.

ನೆದರ್ಲೆಂಡ್ಸಿನ ವೈದ್ಯರು 2019ರಲ್ಲಿ ಎರಡು ಪರೀಕ್ಷೆಗಳ ಫಲವನ್ನು ಪ್ರಕಟಿಸಿದರು. ಬಾಲದ ಶಸ್ತ್ರಕ್ರಿಯೆಯಲ್ಲಿ ಕಿರುಗಾಯದವರು 4 ದಿನಗಳಲ್ಲಿಯೂ ದೊಡ್ಡ ಗಾಯದವರು 6 ದಿನಗಳಲ್ಲಿಯೂ ಚೇತರಿಸಿಕೊಂಡರು. ಶಿರಸ್ಸಿನ ಪರೀಕ್ಷೆಯನ್ನಾದರೋ ನಡುವೆಯೇ ನಿಲ್ಲಿಸಬೇಕಾಯಿತು. ತೊಡಕುಗಳಿಂದಾಗಿ 90 ದಿನಗಳೊಳಗೆ ಕಿರುಗಾಯದ 50 ಮಂದಿಯಲ್ಲಿ 5 ಮಂದಿ, ದೊಡ್ಡ ಗಾಯದ 49 ಮಂದಿಯಲ್ಲಿ ಒಬ್ಬರು ತೀರಿಕೊಂಡಿದ್ದರು. ಸಂಖ್ಯೆ ಚಿಕ್ಕದು, ನಿಜ. ಆದರೂ ಮುಂದುವರಿಸಲು ಅವರ ಮನಸ್ಸು ಒಪ್ಪಲಿಲ್ಲ. 2021ರಲ್ಲಿ ಚೀನದಿಂದ ಬೇರೊಂದು ವರದಿ ಬಂದಿತು. ಅಲ್ಲಿ ಇಂತಹ ಶಸ್ತ್ರಕ್ರಿಯೆಗಳನ್ನು ನೂರಕ್ಕೂ ಮಿಕ್ಕಿ ಮಾಡಿದ್ದ ವೈದ್ಯರನ್ನು ಮಾತ್ರ ಆರಿಸಿದ್ದರು. ಮರಣದಲ್ಲಿ ಹೆಚ್ಚು ಕಡಮೆ ಕಾಣಲಿಲ್ಲ. ಆಸ್ಪತ್ರೆಯ ವಾಸವು ಒಂದು ದಿನ ತಗ್ಗಿತು, ಅಷ್ಟೆ.

ಸುಶ್ರುತನು 101 ಯಂತ್ರಗಳನ್ನೆಣಿಸಿ, ಅವುಗಳಲ್ಲಿ ಕೈಯೇ ಪ್ರಧಾನವೆಂದಿರುವನು. ಕೈಯೇ ಒಳಗೆ ಹೋಗದ ಈ ಕ್ರಿಯೆಯಲ್ಲಿಯೂ ಆ ಮಾತು ನನಗೆ ನೆನಪಾಯಿತು.

“ತಾವು ಇದುವರೆಗೆ ಎಷ್ಟು ಮಾಡಿರುವಿರಿ?” ಎಂದು ತಂಗಿಯು ಸಂಕೋಚದಿಂದಲೇ ಕೇಳಿದಳು. ಶಸ್ತ್ರವೈದ್ಯರು ಬೇಸರಪಡದೆ ಲೆಕ್ಕ ಹೇಳಿದರು. ಶಸ್ತ್ರಕ್ರಿಯೆಯಾದ ಐದನೆಯ ದಿನ ಭಾವನವರು ಮನೆಗೆ ಬಂದರು. ಆದರೆ ಕತ್ತರಿಸಿದ ಅಂಚಿನಿಂದ ಜೀರ್ಣರಸವು ಒಸರುತ್ತಿದ್ದುದರಿಂದ ಮೂರು ವಾರ ಹೊಟ್ಟೆಯಲ್ಲಿ ನಳಿಕೆಯನ್ನಿಟ್ಟುಕೊಳ್ಳಬೇಕಾಯಿತು. ಈ ತೊಂದರೆಯು ಗಾಯ ಕಿರಿದಾದ ಮಾತ್ರಕ್ಕೆ ತಪ್ಪುವುದಲ್ಲವಂತೆ. ಈಗ ರಕ್ತದ ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಳ್ಳುತ್ತಿರುವರು. ಹೋಳಿಗೆಯ ವಿಷಯದಲ್ಲಿ ಮಾತ್ರ ದಂಪತಿಗಳ ವಾದವಿನ್ನೂ ಮುಗಿದಿಲ್ಲ.