ಚಿತ್ರ ಬಾರದ ಕೈಗೆ ಹನ್ನೆರಡು ಚುಕ್ಕಿ

ಕಾಫಿ ಎಸ್ಟೇಟಿನ ಚೆಕ್‌ರೋಲ್ ಪುಸ್ತಕ ನೋಡಿದವರಿಗೆ ಗೊತ್ತು: ಎಡಕ್ಕೆ ಆಳುಗಳ ಹೆಸರು, ಬಲಕ್ಕೆ ತಿಂಗಳ ಒಂದೊಂದು ದಿನಕ್ಕೂ ಒಂದೊಂದು ಪುಟ್ಟ ಮನೆ, ಹಾಜರಿಗೊಂದು ಗೀಟು. ಬಿಕ್ಕೋಡಿನ ಹತ್ತಿರದ ಮನೆಯೊಂದರ ಜಗಲಿಯಲ್ಲಿ ನನ್ನ ಕೈಗೆ ಬಂದ ಚೆಕ್‌ರೋಲಿನಲ್ಲಿ ಆಳೂ ಇರಲಿಲ್ಲ, ಹಾಜರಿಯೂ ಇರಲಿಲ್ಲ. ಮನೆಗಳು ಕೂಡುವ ಮೂಲೆಮೂಲೆಗೂ ಚುಕ್ಕಿ, ಆ ಚುಕ್ಕಿಗಳನ್ನು ಬಳಸಿಕೊಂಡು ಪುಟದ ತುಂಬ ನೀಲಿ ಇಂಕಿನ ಎಳೆ. ತಿರುವಿದಷ್ಟೂ ರಂಗೋಲಿ. ಬರೆದವರು ಆ ಮನೆಯ ಯಜಮಾನರು. ನಿವೃತ್ತ ಎಸ್ಟೇಟ್ ರೈಟರು, ಅಂದರೆ ತೋಟದ ಲೆಕ್ಕ ಬರೆಯುತ್ತಿದ್ದವರು, ಎಪ್ಪತ್ತು ದಾಟಿದ ಗಂಡಸು.

‘ನಂಗೆ ಚಿತ್ರ ಬರಲ್ಲ ಕಣಮ್ಮ. ಒಂದು ಬಾಳೆಎಲೆ ಬಿಡಿಸಿ ಅಂದ್ರೂ ಬರಲ್ಲ. ಇದಾದ್ರೆ ಲೆಕ್ಕ’ ಅಂದರು.

ಈ ಮಾತು ಕೇಳಿದಾಗಿನಿಂದ ನನಗೆ ಅದೇ ಗುಂಗು. ‘ಏನಾದರೊಂದು ಹವ್ಯಾಸ ಹಚ್ಚಿಕೊಳ್ಳಬೇಕು, ಆದರೆ ನಮ್ಮ ಕೈಯಲ್ಲಿ ಕಲೆ ಇಲ್ಲ’ ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ನಿವೃತ್ತರಾದವರು, ಮಕ್ಕಳು ದೂರದ ಊರು ಸೇರಿದ ಮೇಲೆ ಸಂಜೆ ಕಳೆಯುವುದು ಹೇಗೆ ಎಂದು ನೋಡುವವರು, ಮೊಬೈಲು ಕೆಳಗಿಟ್ಟರೆ ಕೈಗೆ ಕೆಲಸವಿಲ್ಲದವರು. ನಮ್ಮಲ್ಲಿ ಕಲೆಯ ತೀರ್ಪು ಬಹಳ ಬೇಗ ಆಗಿಹೋಗುತ್ತದೆ. ಡ್ರಾಯಿಂಗ್ ಮೇಷ್ಟರು ಲೋಯರ್, ಹೈಯರ್ ಪರೀಕ್ಷೆಗೆ ಯಾರನ್ನು ಕೂರಿಸುವುದು ಎಂದು ಆರಿಸುವ ಹೊತ್ತಿಗೇ ಉಳಿದವರು ಪೆನ್ಸಿಲ್ ಬಿಟ್ಟಿರುತ್ತಾರೆ. ಹಾಗೆ ಬಿಟ್ಟವರ ಮನೆ ಬಾಗಿಲಲ್ಲೇ, ಕೈಚಳಕ ಕೇಳದೆ ನಿಯಮವನ್ನಷ್ಟೇ ಕೇಳುವ ಕಲೆಯೊಂದು ದಿನಾ ಹುಟ್ಟಿ ದಿನಾ ಅಳಿಯುತ್ತದೆ. ಚುಕ್ಕಿ ರಂಗೋಲಿಯನ್ನು ಹೆಣ್ಣುಮಕ್ಕಳ ಮುಂಜಾನೆಯ ಕೆಲಸ ಎಂದು ಬದಿಗಿಟ್ಟಿದ್ದರಿಂದ ಅದರೊಳಗಿನ ಈ ಗುಣ ನಮ್ಮ ಕಣ್ಣಿಗೆ ಬಿದ್ದಿಲ್ಲ.

ರೈಟರ ಮನೆಯ ಮುಂದೆ ದೊಡ್ಡ ಕಾಫಿ ಕಣ. ಸಿಮೆಂಟು ಬಳಿದು ನುಣ್ಣಗೆ ಮಾಡಿದ್ದು. ರಂಗೋಲಿಗೆ ಅದಕ್ಕಿಂತ ಒಳ್ಳೆಯ ನೆಲ ಸಿಗಲಿಕ್ಕಿಲ್ಲ. ಆದರೆ ರಂಗೋಲಿಯ ಕಾಲವಾದ ಧನುರ್ಮಾಸವೂ ಕಾಫಿ ಕೊಯ್ಲೂ ಒಟ್ಟಿಗೇ ಬರುತ್ತವೆ. ಆಗ ಕಣದ ತುಂಬ ಹಣ್ಣು ಹರಡಿರುತ್ತದೆ, ಒಂದು ಚುಕ್ಕಿ ಇಡಲೂ ಜಾಗವಿರುವುದಿಲ್ಲ. ಅದರ ಮೇಲೆ ಈಗ ಆನೆ ಕಾಟ. ಬೇಲೂರು ತಾಲ್ಲೂಕಿನ ಈ ಭಾಗದಲ್ಲಿ ಬೆಳಗಿನ ಜಾವ ಅಂಗಳಕ್ಕೆ ಇಳಿಯುವ ಮುಂಚೆ ತೋಟದ ಕಡೆ ಟಾರ್ಚ್ ಬಿಟ್ಟು ನೋಡಬೇಕು. ಹಾಗಾಗಿ ಇವರ ರಂಗೋಲಿ ವರ್ಷದ ಬಹುಪಾಲು ಪುಸ್ತಕದಲ್ಲೇ ಬೆಳೆಯುತ್ತದೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನೆಲಕ್ಕೆ ಇಳಿಯುತ್ತದೆ. ನಾನು ಹೋದಾಗ ಅರ್ಧ ಕಣ ಖಾಲಿಯಾಗಿತ್ತು.

ರೈಟರ ಹೆಂಡತಿ ಪುಡಿ ಹಿಡಿದರೆ ನೋಡಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಿಟಿಕೆ. ಬೆರಳು ನೆಲಕ್ಕೆ ತಾಗುವುದಿಲ್ಲ, ಒಂದಿಷ್ಟು ಎತ್ತರದಿಂದಲೇ ಪುಡಿ ಇಳಿಯುತ್ತದೆ. ಮಣಿಕಟ್ಟು ಓಡಿದ ಹಾಗೆ ಎಳೆ ಒಂದೇ ದಪ್ಪದಲ್ಲಿ ಓಡುತ್ತದೆ. ರೈಟರ ಎಳೆ ಹಾಗಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ತಿರುವಿನಲ್ಲಿ ಪುಡಿ ಗುಪ್ಪೆ. ಆದರೂ ಮುಗಿದ ಮೇಲೆ ಎದ್ದು ನಿಂತು ನೋಡಿದರೆ ರಂಗೋಲಿ ರಂಗೋಲಿಯೇ. ಚುಕ್ಕಿಗಳು ಅಳತೆಗೆ ಸರಿಯಾಗಿ ಕೂತಿದ್ದರೆ ಎಳೆಯ ಸಣ್ಣ ಸೊಟ್ಟವನ್ನು ಕಣ್ಣು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮಾವಿನಹಣ್ಣು ಬರೆಯ ಹೊರಟವನ ಗೆರೆ ಒಂದಿಷ್ಟು ವಾಲಿದರೂ ಅದು ಬದನೆಕಾಯಿ. ಇಲ್ಲಿ ಆ ಭಯವಿಲ್ಲ.

ನಿಯಮ ನಿಮಗೆ ಗೊತ್ತಿರುವುದೇ. ಎಳೆ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಮುಟ್ಟಬಾರದು, ಎರಡು ಚುಕ್ಕಿಗಳ ನಡುವೆ ಓರೆಯಾಗಿ ಹಾಯಬೇಕು. ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ಬಳಸಿ ಒಳಕ್ಕೆ ತಿರುಗಬೇಕು. ಹೊರಟಲ್ಲಿಗೇ ಬಂದು ಸೇರಬೇಕು. ಎಲ್ಲ ಚುಕ್ಕಿಗಳೂ ಮುಗಿಯುವವರೆಗೆ ಕೈ ಎತ್ತದೆ ಒಂದೇ ಎಳೆಯಲ್ಲಿ ಬಂದರೆ ಅದಕ್ಕೆ ಬೆಲೆ ಹೆಚ್ಚು.

ರೈಟರನ್ನು ಹಿಡಿದುಹಾಕಿದ್ದು ಈ ‘ಒಂದೇ ಎಳೆ’. ಅವರ ಹೆಂಡತಿ ಹಾನುಬಾಳು ಕಡೆಯವರು. ಅಲ್ಲಿ ಅವರ ಅಜ್ಜಿ ಹೇಳಿಕೊಟ್ಟ ಸೂತ್ರ ಇಷ್ಟು: ‘ಅಡ್ಡಕ್ಕಿಂತ ಉದ್ದಕ್ಕೆ ಒಂದು ಚುಕ್ಕಿ ಜಾಸ್ತಿ ಇಡು, ಎಳೆ ಕಡಿಯಲ್ಲ.’ 3ಕ್ಕೆ 4, 4ಕ್ಕೆ 5, 5ಕ್ಕೆ 6. ಎಲ್ಲಕ್ಕೂ ಒಂದೇ ಎಳೆ. ಹೆಂಡತಿ ಅದನ್ನು ನಂಬಿ ಐವತ್ತು ವರ್ಷ ರಂಗೋಲಿ ಹಾಕಿದರು. ಜೀವನಪೂರ್ತಿ ಆಳುಗಳ ಲೆಕ್ಕ ತಾಳೆ ನೋಡಿದ ಗಂಡನಿಗೆ ಮಾತ್ರ ನಂಬಿ ಸುಮ್ಮನಿರಲು ಆಗಲಿಲ್ಲ. ನಿವೃತ್ತಿಯಾದ ಮೇಲೆ, ಬರೆಯದೆ ಉಳಿದಿದ್ದ ಚೆಕ್‌ರೋಲ್ ತೆಗೆದು ಒಂದೊಂದೇ ಅಳತೆಯನ್ನು ಪರೀಕ್ಷೆ ಮಾಡಲು ಕೂತರು. 3ಕ್ಕೆ 5 ಇಟ್ಟರೂ ಒಂದೇ ಎಳೆ ಬಂತು. 4ಕ್ಕೆ 6 ಇಟ್ಟರೆ ಎರಡು. 6ಕ್ಕೆ 9 ಇಟ್ಟರೆ ಮೂರು. 4ಕ್ಕೆ 4 ಇಟ್ಟರೆ ನಾಲ್ಕು ಎಳೆ, ಒಂದಕ್ಕೊಂದು ಸುತ್ತಿಕೊಂಡು. ಪುಟದ ಅಂಚಿನಲ್ಲಿ ಈ ಅಂಕಿಗಳನ್ನೆಲ್ಲ ಪಟ್ಟಿ ಮಾಡಿ, ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಾರೆ: ‘ಮ.ಸಾ.ಅ.’

ಶಾಲೆಯಲ್ಲಿ ಕಲಿತು ಮರೆತ ಅದೇ ಮಹತ್ತಮ ಸಾಮಾನ್ಯ ಅಪವರ್ತನ. ಅಡ್ಡ ಮತ್ತು ಉದ್ದದ ಚುಕ್ಕಿಗಳ ಸಂಖ್ಯೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಎಷ್ಟೋ ಎಳೆಗಳೂ ಅಷ್ಟೇ. ಪಕ್ಕಪಕ್ಕದ ಎರಡು ಸಂಖ್ಯೆಗಳನ್ನು 1 ಬಿಟ್ಟು ಬೇರೆ ಯಾವುದೂ ಒಟ್ಟಿಗೆ ಭಾಗಿಸುವುದಿಲ್ಲ. ಹಾನುಬಾಳಿನ ಅಜ್ಜಿಯ ಸೂತ್ರ ಅದಕ್ಕೇ ಎಂದೂ ತಪ್ಪುವುದಿಲ್ಲ. ಇದು ಗಣಿತಜ್ಞರು ಸಾಬೀತು ಮಾಡಿರುವ ನಿಯಮ. ಆಫ್ರಿಕಾದ ಅಂಗೋಲದ ಚೋಕ್ವೆ ಜನ ಮರಳಿನ ಮೇಲೆ ಬೆರಳಿನಿಂದ ಚುಕ್ಕಿ ಒತ್ತಿ, ಅವುಗಳ ನಡುವೆ ಎಳೆ ಓಡಿಸುತ್ತ ಕಥೆ ಹೇಳುತ್ತಾರೆ. ‘ಸೋನಾ’ ಎಂಬ ಆ ಚಿತ್ರಗಳನ್ನು ಮೊಜಾಂಬಿಕ್‌ನ ಗಣಿತಜ್ಞ ಪೌಲುಸ್ ಗೆರ್ಡೆಸ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಲ್ಲೂ ಇದೇ ಮ.ಸಾ.ಅ. ಬಿಕ್ಕೋಡಿನ ಜಗಲಿಯಲ್ಲಿ ಕೂತು ಅದೇ ಜಾಗಕ್ಕೆ ಒಬ್ಬರು ತಾವಾಗಿ ಬಂದು ತಲುಪಿದ್ದಾರೆ ಎಂಬುದು ನನಗೆ ಈಗಲೂ ರೋಮಾಂಚನ.

ಲೆಕ್ಕ ಇಲ್ಲಿಗೇ ನಿಂತಿದ್ದರೆ ಇದನ್ನು ಸೃಷ್ಟಿಶೀಲ ಹವ್ಯಾಸ ಎನ್ನಲು ನಾನು ಒಪ್ಪುತ್ತಿರಲಿಲ್ಲ. ಮುಂದಿನದು ಮುಖ್ಯ. ಒಂದು ಕಾಗದ ತೆಗೆದುಕೊಂಡು ಚೌಕವಾಗಿ ನಾಲ್ಕೇ ಚುಕ್ಕಿ ಇಡಿ. ನಿಯಮದಂತೆ ಎಳೆದರೆ ಎರಡು ಉದ್ದನೆಯ ಬಳೆಗಳು ಕತ್ತರಿಯ ಆಕಾರದಲ್ಲಿ ಒಂದನ್ನೊಂದು ಹಾಯುತ್ತವೆ. ಹಾಯುವ ಜಾಗ ನಾಲ್ಕು. ರೈಟರು ಇದಕ್ಕೆ ‘ಕ್ರಾಸಿಂಗು’ ಅನ್ನುತ್ತಾರೆ. ಅವುಗಳಲ್ಲಿ ಯಾವುದಾದರೂ ಒಂದನ್ನು ಅಳಿಸಿ, ಗೆರೆಗಳನ್ನು ಅಡ್ಡ ಹಾಯಲು ಬಿಡದೆ, ಬಂದ ಕಡೆಗೇ ಬಾಗಿಸಿ ತಿರುಗಿಸಿ. ಎರಡು ಬಳೆಗಳು ಕೂಡಿ ಒಂದೇ ಎಳೆಯಾಗುತ್ತವೆ. ಬೇರೆ ಬೇರೆ ಎಳೆಗಳು ಹಾಯುವ ಕ್ರಾಸಿಂಗನ್ನು ಹೀಗೆ ತಿರುಗಿಸಿದರೆ ಅವು ಯಾವಾಗಲೂ ಒಂದಾಗುತ್ತವೆ. ಒಂದೇ ಎಳೆ ತನ್ನನ್ನೇ ತಾನು ಹಾಯುವ ಕಡೆ ತಿರುಗಿಸಿದರೆ ಕೆಲವು ಸಲ ಒಡೆದು ಎರಡಾಗುತ್ತದೆ, ಕೆಲವು ಸಲ ಒಂದಾಗಿಯೇ ಉಳಿಯುತ್ತದೆ.

ಅಂದರೆ ಪ್ರತಿ ಕ್ರಾಸಿಂಗಿನಲ್ಲೂ ಹಾಯಿಸುವುದೋ ತಿರುಗಿಸುವುದೋ ಎಂಬ ತೀರ್ಮಾನ ಬರೆಯುವವರದು. 3ಕ್ಕೆ 4, ಒಟ್ಟು 12 ಚುಕ್ಕಿ ಇಟ್ಟರೆ 17 ಕ್ರಾಸಿಂಗು. ಒಂದೊಂದಕ್ಕೂ ಎರಡೆರಡು ದಾರಿ. ಎರಡನ್ನು ಹದಿನೇಳು ಸಲ ಗುಣಿಸಿದರೆ 1,31,072. ಹನ್ನೆರಡೇ ಚುಕ್ಕಿಯೊಳಗೆ ಒಂದು ಲಕ್ಷ ಮೂವತ್ತೊಂದು ಸಾವಿರ ವಿನ್ಯಾಸ! ಎಡಬಲ ಮಗುಚಿದವು, ತಲೆಕೆಳಗಾದವು ಅದರಲ್ಲಿ ಸೇರಿವೆ. ಎಲ್ಲವೂ ಒಂದೇ ಎಳೆಯವಲ್ಲ, ನೋಡಲು ಚೆಂದವಾಗಿಯೂ ಇರುವುದಿಲ್ಲ. ಆರಿಸಬೇಕಾದದ್ದು ನಾವು. ಒಬ್ಬರು ಎಡಬಲ ಸಮವಾಗಿರಲಿ ಎನ್ನುತ್ತಾರೆ, ಒಬ್ಬರಿಗೆ ನಡುವೆ ದಟ್ಟವಾಗಿ ಅಂಚಿನಲ್ಲಿ ಬಿಡಿಬಿಡಿಯಾಗಿದ್ದರೆ ಹಿತ. ರೈಟರ ಪುಸ್ತಕದಲ್ಲಿ 12 ಚುಕ್ಕಿಯವೇ ಪುಟಗಟ್ಟಲೆ ಇವೆ. ಅದರಲ್ಲಿ ಅವರದೊಂದು ಗುರುತು ಕಾಣುತ್ತದೆ: ಬಲಗಡೆಯ ಮೇಲಿನ ಮೂಲೆಯನ್ನು ಯಾವಾಗಲೂ ಒಂಟಿ ಬಳೆಯ ಹಾಗೆ ಬಿಡಿಸಿಡುತ್ತಾರೆ. ಯಾಕೆಂದು ಕೇಳಿದರೆ ‘ಹಂಗಿದ್ರೆ ಚೆಂದ’ ಎಂದರು. ಚಿತ್ರ ಬರುವುದಿಲ್ಲ ಎಂದ ಬಾಯಲ್ಲೇ ಬಂದ ಮಾತಿದು. ಕೈಗೆ ಬರೆಯಲು ಬಾರದಿದ್ದರೂ ಕಣ್ಣಿಗೆ ಬೇಕುಬೇಡಗಳಿರುತ್ತವೆ. ಅದನ್ನು ಹೊರಗೆ ತರಲು ಚುಕ್ಕಿಯ ಚೌಕಟ್ಟು ಸಾಕು.

ಪುಡಿಯಲ್ಲಿ ಬರೆಯುವ, ಒಂದೇ ಆಕಾರ ಮರುಕಳಿಸುವ ಇಂಥ ಕಲೆಯ ಹಿಂದಿನ ಇತಿಹಾಸ ಸಣ್ಣದಲ್ಲ. ಬೇಲೂರಿನ ಗುಡಿ 1117ರದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮದನಿಕೆಯರನ್ನು ಕಡೆದು ಕೆಳಗೆ ಹೆಸರು ಕೆತ್ತಿದ್ದೂ ಆಗಲೇ. ಅದಾಗಿ ಸುಮಾರು ಹದಿಮೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ಹೇಳುವಾಗ ಧೂಳಿಚಿತ್ರವನ್ನೂ, ಅಂದರೆ ಪುಡಿಯಲ್ಲಿ ಬರೆಯುವುದನ್ನೂ ಸೇರಿಸಿದ. ಬೇಲೂರಿನ ನವರಂಗಕ್ಕೆ ಕಲ್ಲಿನ ಜಾಲಂಧ್ರಗಳು ಬಂದದ್ದು ಆಮೇಲೆ, ಎರಡನೇ ಬಲ್ಲಾಳನ ಕಾಲದಲ್ಲಿ. ಕೆಲವುಗಳಲ್ಲಿ ಪುರಾಣದ ದೃಶ್ಯಗಳಿದ್ದರೆ ಕೆಲವು ಬರೀ ಜ್ಯಾಮಿತಿ. ಮದನಿಕೆಯರನ್ನು ನೋಡಿ ಕತ್ತು ನೋಯಿಸಿಕೊಂಡವರು ಒಂದು ಗಳಿಗೆ ಈ ಜಾಲಂಧ್ರಗಳ ಮುಂದೆಯೂ ನಿಲ್ಲಬೇಕು. ಒಂದೇ ಆಕಾರವನ್ನು ಸಾಲಾಗಿ ಮರುಕಳಿಸಿ ಬೆಳಕನ್ನು ಸೋಸುವ ಆ ಕೆಲಸ ನನಗೆ ಮದನಿಕೆಯರಷ್ಟೇ ಇಷ್ಟ.

ಹೊಸ ಕಾಲದಲ್ಲಿ ಚುಕ್ಕಿಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಕಂಪ್ಯೂಟರ್ ವಿಜ್ಞಾನದವರಿದ್ದಾರೆ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ 1974ರಲ್ಲಿ ತಮಿಳರ ರಂಗೋಲಿಯಾದ ಕೋಲಂ ಮೇಲೆ ಪ್ರಬಂಧ ಪ್ರಕಟಿಸಿದರು. ವಾಕ್ಯಕ್ಕೆ ವ್ಯಾಕರಣವಿರುವಂತೆ ಚಿತ್ರಕ್ಕೂ ವ್ಯಾಕರಣ ಕಟ್ಟಬಹುದು ಎಂದು ತೋರಿಸಲು ಅವರಿಗೆ ಸಿಕ್ಕ ಉದಾಹರಣೆ ಬಾಗಿಲ ಮುಂದಿನ ಕೋಲಂ. 2002ರಲ್ಲಿ ಅಮೆರಿಕದ ಗಣಿತಜ್ಞೆ ಮಾರ್ಸಿಯಾ ಆಶರ್ ಇದೇ ವಿಷಯವನ್ನು ‘ಅಮೆರಿಕನ್ ಸೈಂಟಿಸ್ಟ್’ ಓದುಗರ ಮುಂದಿಟ್ಟರು.

ಕೆಲವು ಸಂಗತಿಗಳು ನನಗೆ ಹಿಡಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಸ್ತಿಲಿಗೆ ಅಂಟಿಸುವ ಸ್ಟಿಕ್ಕರ್, ತೂತಿನ ತಟ್ಟೆಯ ಅಚ್ಚು, ಉರುಳಿಸಿದರೆ ಬಳ್ಳಿ ಬೀಳುವ ಕೊಳವೆ, ಇವು ಹೊತ್ತು ಉಳಿಸಬಹುದು. ಆದರೆ ಆರಿಸುವ ಸುಖವನ್ನೇ ಕಿತ್ತುಕೊಳ್ಳುತ್ತವೆ. ರಂಗೋಲಿಯಿಂದ ಮನೆಗೆ ‘ಪಾಸಿಟಿವ್ ಎನರ್ಜಿ’ ಬರುತ್ತದೆ ಎಂಬ ಮಾತೂ ಈಗ ಜೋರಾಗಿದೆ. ಅದಕ್ಕೆ ಆಧಾರ ನನಗೆ ಕಂಡಿಲ್ಲ, ಅದರ ಅಗತ್ಯವೂ ಕಾಣುವುದಿಲ್ಲ. ಇರುವೆಗೆ ಆಹಾರವಾಗುತ್ತದೆ ಎನ್ನುವುದು ಅಕ್ಕಿಹಿಟ್ಟಿನ ರಂಗೋಲಿಗೆ ಸರಿ. ಅಂಗಡಿಯಿಂದ ತರುವ ಬಿಳಿಕಲ್ಲಿನ ಪುಡಿಯಲ್ಲಿ ಇರುವೆಗೆ ತಿನ್ನಲು ಏನೂ ಇಲ್ಲ.

ಸೂಜಿದಾರ ಇಷ್ಟವಿದ್ದವರಿಗೆ ಧಾರವಾಡದ ಕಡೆಯ ಕಸೂತಿ ಇದೆ. ಅಲ್ಲೂ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿ ಹಾಕುತ್ತಾರೆ. ಗವಂತಿ ಹೊಲಿಗೆ ಗಂಟಿಲ್ಲದೆ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಎಣಿಸಲು ಬಂದರೆ ಶುರು ಮಾಡಬಹುದು, ತಾಳ್ಮೆ ಮಾತ್ರ ರಂಗೋಲಿಗಿಂತ ಹೆಚ್ಚು ಬೇಕು.

ರೈಟರಿಗೆ ಈಗ ತಲೆ ತಿನ್ನುತ್ತಿರುವುದು ಸಂದು ಚುಕ್ಕಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುವ ಬಗೆ. ನಡುವೆ 7 ಇಟ್ಟು ಎರಡೂ ಕಡೆ 4ರವರೆಗೆ ಇಳಿಸಿದರೆ 37 ಚುಕ್ಕಿ, ಜೇನುಗೂಡಿನ ಕಣ್ಣಿನ ಆಕಾರ. ನೇರ ಚುಕ್ಕಿಗೆ ಒಪ್ಪುವ ಮ.ಸಾ.ಅ. ಅಲ್ಲಿ ಕೈಹಿಡಿಯುವುದಿಲ್ಲ. ಅದಕ್ಕೆಂದೇ ಇನ್ನೊಂದು ಚೆಕ್‌ರೋಲ್ ಶುರುವಾಗಿದೆ. ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು, ಕಣ ಪೂರ್ತಿ ಖಾಲಿಯಾಗುತ್ತದೆ. ಅಲ್ಲಿ 9ಕ್ಕೆ 10ರಂತೆ 90 ಚುಕ್ಕಿ ಇಡುವುದು ಎಂದು ಗಂಡಹೆಂಡಿರು ಒಪ್ಪಿದ್ದಾರೆ. 161 ಕ್ರಾಸಿಂಗು. ಎಲ್ಲೆಲ್ಲಿ ಹಾಯಿಸುವುದು, ಎಲ್ಲೆಲ್ಲಿ ತಿರುಗಿಸುವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೆಂಡತಿಗೆ ನಡುವೆ ಕಮಲ ಕಾಣಬೇಕು. ಇವರಿಗೆ ಎಳೆ ಒಂದೇ ಇರಬೇಕು. ‘ಕಮಲ ಮಾಡಿದ್ರೆ ಎಳೆ ಮೂರಾಗ್ತದೆ’ ಎಂದು ಇವರು, ‘ಮೂರಾದ್ರೆ ಇನ್ನೆರಡು ಕಡೆ ತಿರುಗ್ಸಿ, ನೀವೇ ಹೇಳ್ತೀರಲ್ಲ’ ಎಂದು ಅವರು.