ಸೂ ಯೋಧರ ಗಿಡ್ಡ ಬಿಲ್ಲು

1876ರ ಜೂನ್ 25. ಇಂದಿನ ಅಮೆರಿಕದ ಮೊಂಟಾನಾ ರಾಜ್ಯದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರ್‌ನೂ ಅವನೊಂದಿಗಿದ್ದ ಇನ್ನೂರಕ್ಕೂ ಹೆಚ್ಚು ಅಶ್ವಸೈನಿಕರೂ ಹತರಾದರು. ತಮ್ಮ ಬೀಡಿನ ಮೇಲೆ ಎರಗಿದ ಈ ಸೇನೆಯನ್ನು ಎದುರಿಸಿದವರು ಸೂ ಬುಡಕಟ್ಟಿನ ಲಕೋಟಾ ಜನ ಮತ್ತು ಅವರ ಮಿತ್ರರಾದ ಶೈಯೆನ್ನರು. ಅವರಲ್ಲಿ ಹಲವರ ಬಳಿ ಬಂದೂಕುಗಳಿದ್ದವು. ಇನ್ನೂ ಅನೇಕರ ಕೈಯಲ್ಲಿದ್ದುದು ಬಿಲ್ಲು. ಬಂದೂಕಿನೆದುರು ಬಿಲ್ಲಿನಿಂದೇನು ಪ್ರಯೋಜನ?

ಮೊದಲು ಬಿಲ್ಲಿನ ರಚನೆಯನ್ನು ನೋಡೋಣ. ಕುದುರೆಯ ಮೇಲಿಂದ ಬಳಸಬೇಕಾದ್ದರಿಂದ ಅದರ ಉದ್ದ ಒಂದು ಮೀಟರಿನ ಆಸುಪಾಸು. ಬಿಲ್ಲನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಗಿಡ್ಡ ಬಿಲ್ಲು ಹೆಚ್ಚು ಬಾಗುವುದರಿಂದ ಅದರ ಹೊರಮೈಯ ಮರ ಸೀಳಿಹೋಗುವ ಸಂಭವ ಹೆಚ್ಚು. ಆದ್ದರಿಂದ ಉತ್ತಮ ಬಿಲ್ಲುಗಳ ಹೊರಮೈಗೆ ಬೈಸನ್ ಪ್ರಾಣಿಯ ಸ್ನಾಯುರಜ್ಜುವಿನ ಎಳೆಗಳನ್ನು ಅಂಟಿಸುತ್ತಿದ್ದರು. ಈ ಎಳೆಗಳು ಮರಕ್ಕಿಂತ ಹೆಚ್ಚು ಹಿಗ್ಗಿದರೂ ಹರಿಯುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಹೆದೆಯನ್ನು 0.5 ಮೀಟರ್ ಎಳೆದಾಗ ಬಲ ಸೊನ್ನೆಯಿಂದ 200 ನ್ಯೂಟನ್‌ಗೆ ಏರಿತೆಂದು ಭಾವಿಸಿದರೆ, ಬಿಲ್ಲಿನಲ್ಲಿ ಶೇಖರವಾಗುವ ಶಕ್ತಿ 50 ಜೂಲ್. ಅದರ ಅರ್ಧ 25 ಗ್ರಾಂ ತೂಕದ ಬಾಣಕ್ಕೆ ದಕ್ಕಿದರೂ ವೇಗ ಸೆಕೆಂಡಿಗೆ ಸುಮಾರು 45 ಮೀಟರ್. ಸೈನಿಕರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನ ಗುಂಡಿನ ತೂಕ 26 ಗ್ರಾಂ, ವೇಗ ಸುಮಾರು 340 ಮೀಟರ್. ಚಲನಶಕ್ತಿ 1500 ಜೂಲ್, ಅಂದರೆ ಬಾಣದ ಅರವತ್ತು ಪಟ್ಟು!

ಆದರೆ ಬಾಣದ ನಿಧಾನಗತಿಯೇ ಇಲ್ಲಿ ಅನುಕೂಲವಾಯಿತು. ನೂರು ಮೀಟರ್ ಸಾಗುವಷ್ಟರಲ್ಲಿ ಗುಂಡು ಅರ್ಧ ಮೀಟರಿನಷ್ಟೂ ಕೆಳಗಿಳಿಯದು. ದಿಬ್ಬದ ಮರೆಯಲ್ಲಿರುವವನನ್ನು ಅದು ಮುಟ್ಟಲಾರದು. ಇದೇ ಬಾಣವನ್ನು 70 ಡಿಗ್ರಿ ಕೋನದಲ್ಲಿ ಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಸುಮಾರು 90 ಮೀಟರ್ ಮೇಲೇರಿ 130 ಮೀಟರ್ ಆಚೆ ಕಡಿದಾಗಿ ಬೀಳುತ್ತದೆ. ಬಿಟ್ಟವನು ಕೊರಕಲಿನಲ್ಲೇ ಅಡಗಿರಬಹುದು. ಕಪ್ಪುಮದ್ದಿನ ಹೊಗೆ ಬಂದೂಕುಧಾರಿಯ ಜಾಗವನ್ನು ತೋರಿಸಿಕೊಡುತ್ತದೆ; ಬಿಲ್ಲಿಗೆ ಹೊಗೆಯಿಲ್ಲ. ಯುದ್ಧದಲ್ಲಿದ್ದ ಶೈಯೆನ್ ಯೋಧ ವುಡನ್ ಲೆಗ್ ಮುಂದೆ ಇದೇ ತಂತ್ರವನ್ನು ವಿವರಿಸಿದ್ದಾರೆ.

ಬಿಲ್ಲೊಂದೇ ಗೆಲುವು ತಂದಿತೆನ್ನಲಾಗದು. 1983ರಲ್ಲಿ ಅಲ್ಲಿನ ಹುಲ್ಲುಗಾವಲು ಸುಟ್ಟ ಬಳಿಕ ನಡೆದ ಶೋಧನೆಯಲ್ಲಿ ಯೋಧರು ಬಳಸಿದ ಹೆನ್ರಿ, ವಿಂಚೆಸ್ಟರ್ ಬಂದೂಕುಗಳ ತೋಟಾಗಳೂ ದೊರೆತವು. ಸಂಖ್ಯೆಯಲ್ಲೂ ಅವರದೇ ಮೇಲುಗೈ.

ಆದರೂ ಈ ಗೆಲುವು ಉಳಿಯಲಿಲ್ಲ. 1880ರ ದಶಕದ ಹೊತ್ತಿಗೆ ಬೈಸನ್ ಹಿಂಡುಗಳು ಬೇಟೆಗೆ ಸಿಕ್ಕಿ ಬಹುತೇಕ ನಾಶವಾದವು. ಬಿಲ್ಲಿನ ಎಳೆ ಮಾತ್ರವಲ್ಲ, ಸೂ ಜನರ ಆಹಾರ, ಹೊದಿಕೆ, ಗುಡಾರ ಎಲ್ಲವೂ ಆ ಪ್ರಾಣಿಯಿಂದಲೇ ಬರುತ್ತಿದ್ದವು.